ಬಸುರಿನ ಹಾರ್ಮೋನುಗಳು ಮತ್ತು ಇನ್ಸುಲಿನ್ ಸಂವೇದನೆ

ಗರ್ಭಿಣಿಯರ ಮಧುಮೇಹದ ಚರ್ಚೆ ಸಾಮಾನ್ಯವಾಗಿ ರಕ್ತದ ಸಕ್ಕರೆಯ ಅಂಕಿಗಳಿಂದ ಆರಂಭವಾಗಿ ಅಲ್ಲಿಯೇ ಮುಗಿದುಹೋಗುವುದರಿಂದ, ಆ ಅಂಕಿಗಳ ಹಿಂದೆ ತಿಂಗಳುಗಟ್ಟಲೆ ನಡೆಯುವ ಹಾರ್ಮೋನುಗಳ ಕೆಲಸವನ್ನು ಮುನ್ನೆಲೆಗೆ ತರುವುದು ಈ ವಿಚಾರ ಸಂಕಿರಣದ ಆಶಯವಾಗಿದೆ. ಮೇದೋಜೀರಕ ಗ್ರಂಥಿ ಸ್ರವಿಸುವ ಇನ್ಸುಲಿನ್ನಿಗೆ ಸ್ನಾಯು, ಯಕೃತ್ತು ಮತ್ತು ಕೊಬ್ಬಿನ ಅಂಗಾಂಶಗಳು ಎಷ್ಟರಮಟ್ಟಿಗೆ ಓಗೊಡುತ್ತವೆ ಎಂಬುದೇ ಇನ್ಸುಲಿನ್ ಸಂವೇದನೆ. ಬಸುರಿನ ಮೊದಲ ತಿಂಗಳುಗಳಲ್ಲಿ ಹೆಚ್ಚು ಬದಲಾಗದ ಈ ಸಂವೇದನೆ, ಕೊನೆಯ ತ್ರೈಮಾಸಿಕದ ಹೊತ್ತಿಗೆ ಆರೋಗ್ಯವಂತ ಸ್ತ್ರೀಯರಲ್ಲಿಯೂ ಸುಮಾರು ಅರ್ಧಕ್ಕೆ ಇಳಿಯುತ್ತದೆ. ತಾಯಿಯ ದೇಹ ತನ್ನ ಬಳಕೆಯನ್ನು ತಗ್ಗಿಸಿ ಶಿಶುವಿಗೆಂದು ಗ್ಲೂಕೋಸನ್ನು ಉಳಿಸುವ ಈ ಏರ್ಪಾಡನ್ನು ರೋಗವೆಂದು ಎಣಿಸಲಾಗದು.

ಏರ್ಪಾಡಿನ ಕೇಂದ್ರದಲ್ಲಿರುವುದು ಜರಾಯು, ಅಂದರೆ ಹೆರಿಗೆಯಾದ ಮೇಲೆ ಹೊರಬೀಳುವ, ಜನ ಮಾಸು ಎನ್ನುವ ಅಂಗ. ಅದು ಸ್ರವಿಸುವ ಪ್ಲಾಸೆಂಟಲ್ ಲ್ಯಾಕ್ಟೋಜೆನ್ ಎಂಬ ಹಾರ್ಮೋನು ತಾಯಿಯ ಕೊಬ್ಬನ್ನು ಕರಗಿಸಿ ರಕ್ತದಲ್ಲಿ ಕೊಬ್ಬಿನಾಮ್ಲಗಳನ್ನು ಹೆಚ್ಚಿಸುವುದರಿಂದ, ಅವಳ ಅಂಗಾಂಶಗಳು ಅವನ್ನೇ ಇಂಧನವಾಗಿ ಬಳಸತೊಡಗುತ್ತವೆ. ಜರಾಯುವಿನದೇ ಆದ ಬೆಳವಣಿಗೆಯ ಹಾರ್ಮೋನು ಸ್ನಾಯುಕೋಶದೊಳಗೆ ಇನ್ಸುಲಿನ್ ಸಂದೇಶ ಸಾಗುವುದಕ್ಕೆ ಅಡ್ಡಿಯಾಗುತ್ತದೆ. ಆಗ ಗ್ಲೂಕೋಸನ್ನು ಒಳಗೆ ಸಾಗಿಸುವ ಗ್ಲುಟ್-4 ಎಂಬ ಪ್ರೋಟೀನು ಕೋಶದ ಹೊರಪೊರೆಗೆ ಬರುವುದು ಕಡಿಮೆಯಾಗುತ್ತದೆ. ಪ್ರೊಜೆಸ್ಟರಾನ್ ಮತ್ತು ಕಾರ್ಟಿಸಾಲ್‌ಗಳೂ ಇದಕ್ಕೆ ಕೈಜೋಡಿಸುತ್ತವೆ. ಇಲ್ಲಿ ನಿಜಕ್ಕೂ ಬೆರಗು ಹುಟ್ಟಿಸುವ ಸಂಗತಿಯೆಂದರೆ, ಅದೇ ಲ್ಯಾಕ್ಟೋಜೆನ್ ಪ್ರೊಲ್ಯಾಕ್ಟಿನ್ನಿನ ಜೊತೆಗೂಡಿ, ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ಪ್ರಚೋದಿಸಿ, ಹೆಚ್ಚಿದ ಬೇಡಿಕೆಯನ್ನು ಪೂರೈಸಲು ಅವುಗಳನ್ನು ಸಜ್ಜುಗೊಳಿಸುತ್ತದೆ. ಈ ಪೂರೈಕೆ ಸಾಲದಾದಾಗ ಮಾತ್ರ ಸಕ್ಕರೆ ಏರುತ್ತದೆ. ಎಂದರೆ ಬಸುರು ಬಹಳಷ್ಟು ಮಂದಿಯಲ್ಲಿ ಮೊದಲೇ ಇದ್ದ ಬೀಟಾ ಕೋಶಗಳ ದೌರ್ಬಲ್ಯವನ್ನು ಬಯಲಿಗೆ ತರುತ್ತದೆ.

ಮಾಸು ಬಿದ್ದ ಕೆಲವೇ ಗಂಟೆಗಳಲ್ಲಿ ಇನ್ಸುಲಿನ್ನಿನ ಅಗತ್ಯ ಥಟ್ಟನೆ ಕುಸಿಯುತ್ತದೆ. ಹಿಂದಿನ ದಿನದವರೆಗೆ ಚುಚ್ಚುಮದ್ದು ಪಡೆಯುತ್ತಿದ್ದ ಎಷ್ಟೋ ಬಾಣಂತಿಯರಿಗೆ ಅದು ಬೇಕೇ ಆಗುವುದಿಲ್ಲ. ಸಮಾಧಾನ ತರುವ ಈ ಗಳಿಗೆಯಲ್ಲಿಯೇ ಎಚ್ಚರಿಕೆ ತಪ್ಪುತ್ತದೆ, ಏಕೆಂದರೆ ಹಾರ್ಮೋನುಗಳ ಹೊರೆ ಇಳಿದರೂ ದೌರ್ಬಲ್ಯ ಉಳಿದಿರುತ್ತದೆ. ಮೈಸೂರಿನಲ್ಲಿ 1997–98ರಲ್ಲಿ ಗರ್ಭಿಣಿಯರನ್ನು ಪರೀಕ್ಷಿಸಿ ಆರಂಭವಾದ ಪಾರ್ಥೆನಾನ್ ಅಧ್ಯಯನದಲ್ಲಿ, ಗರ್ಭಾವಸ್ಥೆಯಲ್ಲಿ ಮಧುಮೇಹ ಕಂಡಿದ್ದವರ ಪೈಕಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಮಂದಿ ಐದು ವರ್ಷಗಳಲ್ಲಿ ಮಧುಮೇಹಿಗಳಾಗಿದ್ದರು.

ರಾಷ್ಟ್ರೀಯ ಮಾರ್ಗಸೂಚಿಯು ಮೊದಲ ಭೇಟಿಯಲ್ಲಿ ಮತ್ತು 24ರಿಂದ 28ನೆಯ ವಾರದೊಳಗೆ, ಉಂಡಿದ್ದರೂ ಉಪವಾಸವಿದ್ದರೂ, 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ಬಳಿಕ ಪರೀಕ್ಷಿಸಲು ಹೇಳುತ್ತದೆ. ಮಧುಮೇಹ ಕಂಡವರಿಗೆ ಹೆರಿಗೆಯಾದ ಆರು ವಾರಕ್ಕೆ ಮತ್ತೊಂದು ಪರೀಕ್ಷೆಯನ್ನೂ ವಿಧಿಸುತ್ತದೆ. ಬಾಣಂತನಕ್ಕೆ ತವರಿಗೆ ಹೋದವಳ ಈ ಪರೀಕ್ಷೆ ತಪ್ಪಿಹೋಗುವುದು ಸುಲಭ. ಆದರೆ ಮಗುವಿಗೆ ಲಸಿಕೆ ಹಾಕಿಸಲು ಆಕೆ ಎಲ್ಲಿದ್ದರೂ ಅದೇ ಆರನೆಯ ವಾರ ಆರೋಗ್ಯ ಕೇಂದ್ರಕ್ಕೆ ಬರುತ್ತಾಳೆ. ಅಂದು ತಾಯಿ ಕಾರ್ಡನ್ನು ತೆರೆದು ನೋಡಿ, ಅವಳ ರಕ್ತವನ್ನೂ ಪರೀಕ್ಷಿಸುವ ಕ್ರಮವನ್ನು ತಮ್ಮ ತಮ್ಮ ಆಸ್ಪತ್ರೆಗಳಲ್ಲಿ ಜಾರಿಗೆ ತರಬೇಕೆಂದು ಇಲ್ಲಿ ನೆರೆದಿರುವ ವೈದ್ಯರಲ್ಲಿಯೂ ಶುಶ್ರೂಷಕಿಯರಲ್ಲಿಯೂ ಈ ವಿಚಾರ ಸಂಕಿರಣ ಕಳಕಳಿಯಿಂದ ವಿನಂತಿಸುತ್ತದೆ.