ಅಲ್ಲಿ ಬೀಸಿದ ಗಾಳಿ, ಇಲ್ಲಿ ಬಾಗಿದ ಕಡ್ಡಿ

ಕಿಟಕಿ ಬಾಗಿಲೆಲ್ಲ ಮುಚ್ಚಿದ ಕೋಣೆ. ಫ್ಯಾನೂ ಇಲ್ಲ. ಒಳಗಿರುವ ಒಣಕಡ್ಡಿಗಳು ಗಾಳಿಗೆ ತೂಗಾಡುವುದುಂಟೇ ಮಕ್ಕಳೇ?

ಅಮೆರಿಕದ ಕಲಾವಿದ ಡೇವಿಡ್ ಬೋವೆನ್ ಅದನ್ನು ಮಾಡಿ ತೋರಿಸಿದ್ದಾರೆ. 126 ಪುಟ್ಟ ಯಂತ್ರಗಳು, ಒಂದೊಂದರ ಮೇಲೂ ಒಣಗಿದ ಗಿಡದ ಒಂದು ತೆಳು ಕಡ್ಡಿ. ಇವು ಸ್ಪೇನ್ ದೇಶದ ಪ್ರದರ್ಶನದಲ್ಲಿದ್ದಾಗ, ಇಂಥದೇ ಇನ್ನೊಂದು ಕಡ್ಡಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ, ಕಟ್ಟಡದ ಹೊರಗೆ ನಿಂತಿತ್ತು. ಅಲ್ಲಿ ಗಾಳಿ ಬೀಸಿ ಅದು ಬಾಗಿದರೆ ಇಲ್ಲಿ 126 ಕಡ್ಡಿಗಳೂ ಒಟ್ಟಿಗೇ ಬಾಗುತ್ತಿದ್ದವು. ಅಲ್ಲಿ ಗಾಳಿ ನಿಂತರೆ ಇಲ್ಲೂ ಎಲ್ಲ ಸ್ತಬ್ಧ.

ಹೊರಗಿನ ಕಡ್ಡಿಗೆ ಆಕ್ಸೆಲೆರೋಮೀಟರ್ ಎಂಬ ಮಾಪಕ ಜೋಡಿಸಿರುತ್ತದೆ. ಅಪ್ಪನ ಮೊಬೈಲನ್ನು ಅಡ್ಡ ಹಿಡಿದರೆ ಪರದೆಯ ಚಿತ್ರವೂ ತಿರುಗುತ್ತದಲ್ಲ, ಅದು ಇದರದೇ ಕೆಲಸ. ಇದರೊಳಗೆ ಸ್ಪ್ರಿಂಗಿನ ಆಸರೆಯಲ್ಲಿ ಒಂದು ಅತಿ ಸಣ್ಣ ತುಂಡು ಇರುತ್ತದೆ. ನಿಂತ ಬಸ್ಸು ದಿಢೀರನೆ ಹೊರಟರೆ ನೀವು ಹಿಂದಕ್ಕೆ ವಾಲುವುದಿಲ್ಲವೇ? ಮಾಪಕ ಅಲುಗಿದಾಗ ಆ ತುಂಡೂ ಹಾಗೇ ಹಿಂದುಳಿಯುತ್ತದೆ. ಎಷ್ಟು ಹಿಂದುಳಿಯಿತು ಎಂಬುದು ವಿದ್ಯುತ್ ಸಂಕೇತವಾಗಿ, ಅಂಕಿಯಾಗಿ, ದೂರದ ಯಂತ್ರಗಳನ್ನು ತಲುಪುತ್ತದೆ.

ನನಗೆ ಇನ್ನೂ ಇಷ್ಟವಾದದ್ದು ಬೋವೆನ್ ಅವರ ನೀರಿನ ಕೃತಿ. ಅದರಲ್ಲಿ ಹನಿ ನೀರೂ ಇಲ್ಲ! ತೂಗಿಬಿಟ್ಟ ಕಡ್ಡಿಗಳ ಒಂದು ದೊಡ್ಡ ಬಲೆ ಇದೆ. ಮೋಟಾರುಗಳು ಎಳೆದು ಬಿಟ್ಟಂತೆ ಅದು ಅಲೆಯಾಗಿ ಏರುತ್ತದೆ, ಇಳಿಯುತ್ತದೆ. ಯಾವ ಅಲೆ? ಪೆಸಿಫಿಕ್ ಸಾಗರದ್ದು. ಹೊನೊಲುಲುವಿನಿಂದ ನೈರುತ್ಯಕ್ಕೆ ಸುಮಾರು 380 ಕಿಲೋಮೀಟರ್ ದೂರದಲ್ಲಿ ಅಮೆರಿಕ ಸರ್ಕಾರ ಒಂದು ದೊಡ್ಡ ತೇಲುಬುರುಡೆಯನ್ನು ಲಂಗರು ಹಾಕಿ ನಿಲ್ಲಿಸಿತ್ತು. ಅದರ ಸಂಖ್ಯೆ 51003. ಅಲೆ ಎಷ್ಟೆತ್ತರ, ಎಷ್ಟು ಸೆಕೆಂಡಿಗೊಮ್ಮೆ ಬರುತ್ತದೆ ಎಂದು ಅದು ಅಳೆದು ಕಳಿಸುತ್ತಿತ್ತು.

2011ರ ಏಪ್ರಿಲ್‌ನಲ್ಲಿ ಆ ಬುರುಡೆ ಲಂಗರು ತಪ್ಪಿ ತೇಲಿಹೋಯಿತು. ಎಲ್ಲಿದೆ ಎಂದು ಖಚಿತವಾಗಿ ಗೊತ್ತಿರಲಿಲ್ಲ, ಆದರೆ ಅಲೆಗಳ ಸರಿಯಾದ ಲೆಕ್ಕ ಬರುತ್ತಲೇ ಇತ್ತು! ಬೋವೆನ್ ಅದೇ ಲೆಕ್ಕವನ್ನು ತಮ್ಮ ಬಲೆಗೆ ಕೊಟ್ಟರು.

ಕಳೆದುಹೋದ ಬುರುಡೆ ಅಲೆಯನ್ನು ಅಳೆದದ್ದಾದರೂ ಹೇಗೆ? ಅದಕ್ಕೆ ಸಮುದ್ರದ ತಳವೂ ಬೇಕಿಲ್ಲ, ದಡವೂ ಬೇಕಿಲ್ಲ. ನೀರು ತನ್ನನ್ನು ಎತ್ತಿ ಇಳಿಸುವುದನ್ನು ಅದು ತನ್ನೊಳಗಿನ ಮಾಪಕದಿಂದಲೇ ತಿಳಿಯುತ್ತದೆ. ಸಾಗರದಲ್ಲಿ ಎಲ್ಲಿಗೇ ಹೋದರೂ ಎತ್ತಿ ಇಳಿಸಲು ನೀರಿದ್ದೇ ಇರುತ್ತದೆ.