ಮಾತ್ರೆ ಮುಟ್ಟದ ಮೂಲೆ



ಈ ಎಚ್‌ಐವಿ ಪ್ರದರ್ಶನದ ಬಾಗಿಲಲ್ಲೇ ಮಕ್ಕಳು ಮಾಡಿಟ್ಟ ರಟ್ಟಿನ ಮನುಷ್ಯ ಇದ್ದಾನೆ. ರಕ್ತನಾಳಕ್ಕೆಲ್ಲ ಕೆಂಪು ದೀಪ. ಕಂಕುಳು, ತೊಡೆಸಂದಿ ಮಾತ್ರ ಕತ್ತಲು. ಬಲ್ಬು ಸುಟ್ಟಿರಬೇಕು ಅಂದುಕೊಂಡೆ. ಬೇಕೆಂದೇ ಹಾಗೆ ಬಿಟ್ಟಿದ್ದಾರಂತೆ!

ಕಾಲಿಗೆ ಮುಳ್ಳು ಚುಚ್ಚಿ ಕೀವಾದರೆ ತೊಡೆಸಂದಿಯಲ್ಲಿ ಗಳಲೆ ಕಟ್ಟುತ್ತದಲ್ಲ, ಅದೇ ದುಗ್ಧಗ್ರಂಥಿ. ಎಚ್‌ಐವಿಗೆ ಬೇಟೆಯಾಗುವ ಸಿಡಿ4 ಎಂಬ ಬಿಳಿರಕ್ತಕಣಗಳು ಹೆಚ್ಚಾಗಿ ಇರುವುದು ಇಂಥ ಗ್ರಂಥಿಗಳಲ್ಲಿ, ಕರುಳಿನ ಗೋಡೆಯಲ್ಲಿ. ಸಿಡಿ4 ಸೇರಿದಂತೆ ದೇಹದ ಲಿಂಫೋಸೈಟು ಎಂಬ ಕಣಗಳ ಪೈಕಿ ರಕ್ತದಲ್ಲಿ ಓಡಾಡುವುದು ನೂರಕ್ಕೆ ಸುಮಾರು ಎರಡು. ನಾವು ಪರೀಕ್ಷೆಗೆ ಕೊಡುವುದು ಆ ರಕ್ತವನ್ನೇ; ಔಷಧ ಗ್ರಂಥಿ ಮುಟ್ಟಿತೋ ಇಲ್ಲವೋ ಅದು ಹೇಳದು. ಮೆಟ್ರೊ 2015ರಲ್ಲೇ ನಮ್ಮ ನಾಗಸಂದ್ರಕ್ಕೆ ಬಂತು; ಇಳಿದವರು ಮನೆ ಮುಟ್ಟಿದರೋ ಇಲ್ಲವೋ ಸ್ಟೇಷನ್ನಿಗೇನು ಗೊತ್ತು?

2014ರಲ್ಲಿ ಅಮೆರಿಕದ ನೆಬ್ರಾಸ್ಕದ ಕೋರ್ಟ್ನಿ ಫ್ಲೆಚರ್ ಮತ್ತು ಸಂಗಡಿಗರು ಚಿಕಿತ್ಸೆಯಲ್ಲಿದ್ದವರ ಗ್ರಂಥಿಯ ಚೂರು ತೆಗೆದು ನೋಡಿದರು. ಅಲ್ಲಿನ ಕಣಗಳೊಳಗೆ ಔಷಧ ರಕ್ತದ ಕಣಗಳಲ್ಲಿದ್ದುದಕ್ಕಿಂತ ಕಡಿಮೆಯಿತ್ತು. ಕೆಲವು ಔಷಧ ರಕ್ತದ ಪ್ರೋಟೀನಿಗೆ ಅಂಟಿಕೊಳ್ಳುತ್ತವೆ, ಕೆಲವನ್ನು ಜೀವಕೋಶದ ಪಂಪುಗಳೇ ಹೊರದಬ್ಬುತ್ತವೆ. ಅಲ್ಲಿ ವೈರಸ್ ಸಣ್ಣಗೆ ಹೆಚ್ಚುತ್ತಲೇ ಇದೆ ಎಂದು ಅವರ ವಾದ. ಇಲ್ಲ, ಮೊದಲೇ ಸೋಂಕಿದ ಕಣಗಳು ಸುಮ್ಮನೆ ಮಲಗಿವೆ ಎಂದು ಉಳಿದವರು. ಜಗಳ ಹರಿದಿಲ್ಲ. ನಾನು ಎರಡನೆಯವರ ಕಡೆ: ಔಷಧದ ನಡುವೆಯೇ ವೈರಸ್ ಹೆಚ್ಚುತ್ತಿದ್ದರೆ ಅದು ಔಷಧಕ್ಕೆ ಜಗ್ಗದಂತಾಗಬೇಕಿತ್ತು; ಆದರೆ ತಪ್ಪದೆ ಮಾತ್ರೆ ನುಂಗುವವರಲ್ಲಿ ಔಷಧಕ್ಕೆ ಜಗ್ಗದ ವೈರಸ್ ಹುಟ್ಟುವುದು ಅಪರೂಪ. ಸೋಂಕಿದ ಕಣಗಳ ಆ ನಿದ್ದೆಯನ್ನು ನಮ್ಮ ಜಕ್ಕೂರಿನ ಜವಾಹರಲಾಲ್ ನೆಹರು ಸಂಶೋಧನಾ ಕೇಂದ್ರದಲ್ಲಿ ಉದಯಕುಮಾರ್ ರಂಗ ಅವರ ಪ್ರಯೋಗಾಲಯ ಅಭ್ಯಾಸ ಮಾಡಿದೆ. ಭಾರತದಲ್ಲಿ ಹೆಚ್ಚಾಗಿರುವ 'ಸಿ' ಬಗೆಯ ವೈರಸ್ಸೇ ಅವರ ವಸ್ತು.

ರಕ್ತಪರೀಕ್ಷೆಯ ರಿಪೋರ್ಟಿನಲ್ಲಿ 'ಟಾರ್ಗೆಟ್ ನಾಟ್ ಡಿಟೆಕ್ಟೆಡ್', ಅಂದರೆ ವೈರಸ್ ಕಾಣಲಿಲ್ಲ, ಎಂದು ಬಂದರೆ ಧಾರಾಳವಾಗಿ ಸಂತೋಷಪಡಿ. ಹಾಗೇ ಉಳಿಸಿಕೊಂಡವರಿಂದ ಲೈಂಗಿಕ ಸಂಪರ್ಕದಲ್ಲಿ ಸಂಗಾತಿಗೆ ಸೋಂಕು ಹರಡದು. ಆದರೆ ವಾಸಿಯಾಯಿತೆಂದು ಮಾತ್ರೆ ಬಿಟ್ಟರೆ, ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಆ ಕತ್ತಲ ಮೂಲೆಯಿಂದ ವೈರಸ್ ರಕ್ತಕ್ಕೆ ವಾಪಸ್. 2004ರಿಂದ ಸರ್ಕಾರ ಈ ಔಷಧ ಉಚಿತವಾಗಿ ಕೊಡುತ್ತಿದೆ. ಈಗಂತೂ ಹೆಚ್ಚಿನವರಿಗೆ ಡೊಲುಟೆಗ್ರಾವಿರ್ ಸೇರಿದ, ದಿನಕ್ಕೊಂದೇ ಮಾತ್ರೆ.

ಪೀಣ್ಯದ ಕಾರ್ಖಾನೆ ಮಾಲೀಕರು ಕೆಲವರು ಇಲ್ಲಿದ್ದೀರಿ. ಸೋಂಕಿದೆಯೆಂದು ಕೆಲಸದಿಂದ ತೆಗೆಯುವುದನ್ನು 2017ರ ಎಚ್‌ಐವಿ-ಏಡ್ಸ್ ಕಾಯ್ದೆ ನಿಷೇಧಿಸಿದೆ. ಅದು ನಿಮಗೆ ಗೊತ್ತು. ನಾನು ಕೇಳುವುದು ಇನ್ನೂ ಸಣ್ಣದು. ಆಸ್ಪತ್ರೆಗೆಂದು ಅರ್ಧ ದಿನ ರಜೆ ಕೇಳಿದವರನ್ನು ಯಾಕೆ ಎಂದು ಕೇಳಬೇಡಿ. ಸಂಶಯವಿದ್ದವರು ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ. ಪ್ರದರ್ಶನ ತೆರೆದಿದೆ, ಒಳಗೆ ಬನ್ನಿ.