ಕೊನೆಗೆ ಬರುವ ಕೈ

ಗುಂಡು ಎಸೆತವೆಂದರೆ ತೋಳಿನ ಕಸುವಷ್ಟೇ ಎಂದು ನಾನು ಬಹುಕಾಲ ನಂಬಿದ್ದೆ. ಕಾಲೇಜಿನ ದಿನಗಳಲ್ಲಿ ನಾನು ಎಸೆದ ಗುಂಡು ಎಲ್ಲಿ ಬೀಳುತ್ತಿತ್ತೆಂಬುದನ್ನು ಇಲ್ಲಿ ಹೇಳದಿರುವುದೇ ಲೇಸು. ನಮ್ಮ ವ್ಯಾಯಾಮದ ಮೇಷ್ಟರು ಮಾತ್ರ ನನ್ನ ತೋಳನ್ನು ನೋಡುತ್ತಲೇ ಇರಲಿಲ್ಲ. ಅವರ ಕಣ್ಣು ನನ್ನ ಹಿಮ್ಮಡಿಯ ಮೇಲಿರುತ್ತಿತ್ತು. ಏಕೆಂದು ನಾನು ಕೇಳಲೂ ಇಲ್ಲ.

ಏಳು ಅಡಿ ಅಗಲದ ವೃತ್ತ, ಅದರ ಮುಂದೊಂದು ತಡೆಹಲಗೆ. ಹಲಗೆಯ ಮೇಲ್ಭಾಗವನ್ನು ಕಾಲು ಸೋಕಿದರೆ ಎಸೆತ ಲೆಕ್ಕಕ್ಕಿಲ್ಲ. ಅಷ್ಟು ಕಿರಿದಾದ ಜಾಗದಲ್ಲಿ ಬಲವು ನೆಲದಿಂದ ಕಾಲಿಗೆ, ಕಾಲಿನಿಂದ ಸೊಂಟಕ್ಕೆ, ಅಲ್ಲಿಂದ ಎದೆಗೆ ಏರಿ ಕಟ್ಟಕಡೆಗೆ ಕೈ ಸೇರಬೇಕು. ಜನ ನೋಡುವುದು ಕೈಯನ್ನು. ಕೆಲಸ ಮೊದಲಾಗುವುದು ಪಾದದಲ್ಲಿ.

ಅಮೆರಿಕದ ಕಾನಿ ಪ್ರೈಸ್-ಸ್ಮಿತ್ ಅವರ ಬದುಕನ್ನು ಓದುವಾಗ ಇದೆಲ್ಲ ಮತ್ತೆ ನೆನಪಾಯಿತು. ಸದರ್ನ್ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಬಾಸ್ಕೆಟ್‌ಬಾಲ್ ಆಡಿದವರು ಎಸೆತಕ್ಕೆ ಒಲಿದು, 1988ರಿಂದ 2000ರವರೆಗೆ ನಾಲ್ಕು ಒಲಿಂಪಿಕ್ಸ್‌ಗಳಲ್ಲಿ ಸ್ಪರ್ಧಿಸಿದರು. 1996ರಲ್ಲಿ, ತಮ್ಮದೇ ನೆಲವಾದ ಅಟ್ಲಾಂಟಾದಲ್ಲಿ, 4 ಕಿಲೋ ಗುಂಡನ್ನು 19.22 ಮೀಟರ್ ಎಸೆದು ಐದನೆಯವರಾದರು. ಕಂಚಿನ ಪದಕಕ್ಕೂ ಅವರಿಗೂ ನಡುವೆ ಇದ್ದುದು ಒಂದು ಗೇಣಿಗಿಂತ ಕಡಿಮೆ. ಒಲಿಂಪಿಕ್ ಪದಕ ಅವರ ಕೈಗೆ ಎಂದೂ ಬರಲಿಲ್ಲ.

ಮುಂದೆ ಅವರು ತಾವು ಓದಿದ ವಿಶ್ವವಿದ್ಯಾಲಯಕ್ಕೇ ತರಬೇತುದಾರರಾಗಿ ಮರಳಿದರು. 2015ರಲ್ಲಿ ಮಿಸಿಸಿಪಿ ವಿಶ್ವವಿದ್ಯಾಲಯಕ್ಕೆ ಹೋದರು. 2016ರ ರಿಯೋದಲ್ಲಿ ಅಮೆರಿಕದ ಮಹಿಳಾ ಅಥ್ಲೆಟಿಕ್ಸ್ ತಂಡದ ಮುಖ್ಯ ತರಬೇತುದಾರರು ಅವರೇ. ಅಲ್ಲಿ ಮಿಷೆಲ್ ಕಾರ್ಟರ್ ಗುಂಡು ಎಸೆತದಲ್ಲಿ ಚಿನ್ನ ಗೆದ್ದರು. ಆ ದೇಶದ ಮಹಿಳೆಯೊಬ್ಬರಿಗೆ ಈ ಸ್ಪರ್ಧೆಯಲ್ಲಿ ಅದೇ ಮೊದಲ ಚಿನ್ನ. ಅದೇ ಸ್ಪರ್ಧೆಯಲ್ಲಿ, ಕಾನಿಯವರ ಬಳಿ ಕಾಲೇಜಿನಲ್ಲಿ ಪಳಗುತ್ತಿದ್ದ ರೇವನ್ ಸಾಂಡರ್ಸ್‌ಗೆ ದೊರೆತದ್ದು ಐದನೆಯ ಸ್ಥಾನ. ಗುರುವಿನದೇ ಸ್ಥಾನ! ಆದರೆ 2021ರ ಆಗಸ್ಟ್ 1ರಂದು, ಟೋಕಿಯೊದಲ್ಲಿ, 19.79 ಮೀಟರ್ ಎಸೆದ ಸಾಂಡರ್ಸ್ ಕೊರಳಿಗೆ ಬೆಳ್ಳಿ ಬಂದಿತು.

ಶಿಷ್ಯರ ಪದಕದಿಂದ ಗುರುವಿನ ಹಳೆಯ ಕೊರತೆ ತುಂಬಿತೆಂದು ಹೇಳಿಬಿಡುವುದು ಸುಲಭ. ನಾನು ಹಾಗೆ ಹೇಳಲಾರೆ. ಆ ಒಂದು ಗೇಣು ಕಾನಿಯವರ ಮನಸ್ಸಿನಲ್ಲಿ ಹೇಗೆ ಉಳಿದಿದೆಯೋ ಬಲ್ಲವರಾರು? ಇನ್ನೊಬ್ಬರ ಗೆಲುವು ನಮ್ಮ ಸೋಲನ್ನು ಅಳಿಸುವುದಿಲ್ಲ. ಆದರೂ ಸೋತ ವೃತ್ತದ ಅಂಚಿಗೇ ಮರಳಿ ಬಂದು, ಮತ್ತೊಬ್ಬರ ಪಾದ ತಿದ್ದುತ್ತ ನಿಲ್ಲುವುದಕ್ಕೆ ಎಸೆತದ ಬಲಕ್ಕಿಂತ ಬೇರೆಯದೊಂದು ಬಲ ಬೇಕು.

ನಮ್ಮ ಮೇಷ್ಟರೂ ಒಂದು ಕಾಲಕ್ಕೆ ಗುಂಡು ಎಸೆಯುತ್ತಿದ್ದರಂತೆ. ಎಷ್ಟು ದೂರವೆಂದು ಅವರು ಹೇಳಲಿಲ್ಲ. ನನ್ನ ಹಿಮ್ಮಡಿಯನ್ನು ಅವರು ಏಕೆ ನೋಡುತ್ತಿದ್ದರೆಂದು ನನಗೆ ಅರ್ಥವಾದಾಗ, ಅದನ್ನು ಹೋಗಿ ಹೇಳೋಣವೆಂದರೆ ಅವರು ಇರಲಿಲ್ಲ.